ಕೊತ್ತಂಬರಿ ಕಟ್ಟಿನ ಎಂಜಿನ್

ಅಡುಗೆಮನೆಯ ಸ್ಮೋಕ್ ಅಲಾರಂ ಮತ್ತೆ ಬಾಯಿ ಬಡಿದುಕೊಳ್ಳತೊಡಗಿತು. ಅಮ್ಮ ಕಿಟಕಿ ತೆರೆದು ಟವೆಲ್ ಬೀಸಿದಳು. ಶರಣ್ಯಾ ಕಿವಿ ಮುಚ್ಚಿಕೊಂಡಳು. ಅಪ್ಪನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಟೇಬಲ್ ಮೇಲೆ ಅವನ ಉಗಿ ವಿಮಾನ ಬುಸುಗುಡುತ್ತಿತ್ತು.

ನಿಜಕ್ಕೂ ಅದು ಶರಣ್ಯಾಳ ಸ್ಕೂಲ್ ಪ್ರಾಜೆಕ್ಟ್. ಪೆಟ್ರೋಲ್ ಎಂಜಿನ್‌ಗಿಂತ ಮೊದಲು ವಿಮಾನ ಹಾರಿಸಲು ಜನ ಏನೇನು ಪಾಡುಪಟ್ಟರು ಎಂದು ತೋರಿಸಬೇಕಿತ್ತು. ಕೆಲವರು ಉಗಿಯನ್ನು ನಂಬಿದ್ದರು, ಕೆಲವರು ಒತ್ತಿ ತುಂಬಿದ ಗಾಳಿಯನ್ನು, ಕೆಲವರು ತಿರುಚಿದ ರಬ್ಬರನ್ನು, ಇನ್ನು ಕೆಲವರು ಸಿಡಿಮದ್ದನ್ನು. ಸಿಡಿಮದ್ದು ಬೇಡವೆಂದು ಟೀಚರ್ ಮೊದಲೇ ಕೈಮುಗಿದಿದ್ದರು. ಶರಣ್ಯಾ ರಬ್ಬರ್ ಆರಿಸಿಕೊಂಡಳು. ತಿರುಚಿ ಬಿಟ್ಟರೆ ಮುಂದಿನ ಫ್ಯಾನ್ ತಿರುಗುತ್ತದೆ, ಅಷ್ಟೇ.

ಆದರೆ ಅಪ್ಪ ಕಲ್ಮೇಶ್ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಕಾರಿನ ಎಂಜಿನಿಯರ್. ಮಗಳು ರಬ್ಬರ್‌ಬ್ಯಾಂಡ್ ಹಿಡಿದು ಹೋದರೆ ಅವನ ಮಾನ ಏನಾಗಬೇಡ? ಅವರ ಬೀದಿಯಲ್ಲಿ ಮಕ್ಕಳ ಪ್ರಾಜೆಕ್ಟ್ ಎಂದರೆ ಅಪ್ಪಂದಿರ ಪರೀಕ್ಷೆ. ಹೋದ ವರ್ಷ ಪಕ್ಕದ ಮನೆಯ ನಜೀರ್ ಅಂಕಲ್ ಮಾಡಿದ ಜ್ವಾಲಾಮುಖಿಗೆ ಬ್ಲೂಟೂತ್ ಇತ್ತು. ಅದನ್ನು ಆನ್ ಮಾಡುವುದು ಹೇಗೆಂದು ಅವರ ಮಗಳಿಗೇ ಗೊತ್ತಿರಲಿಲ್ಲ.

"ಅಪ್ಪಾ, ಇಟ್ಸ್ ಮೈ ಪ್ರಾಜೆಕ್ಟ್," ಎಂದಳು ಶರಣ್ಯಾ.

"ಹೌದವಾ, ನಿಂದ. ನೀ ಸುಮ್ನ ದೂರ ನಿಂದ್ರು, ಬಿಸಿ ಐತಿ."

ಅವಳಿಗೆ ಅಳುವೇ ಬಂತು. ನಾಳೆ ಎಲ್ಲರೆದುರು ಹಾರಿಸಬೇಕಾದವಳು ಅವಳು. ಅವಳಿಗೇ ಮುಟ್ಟಲು ಬಿಡುತ್ತಿಲ್ಲ.

ಅಮ್ಮ ಕೊತ್ತಂಬರಿ ಕಟ್ಟಿನ ಒಂದು ರಬ್ಬರ್‌ಬ್ಯಾಂಡನ್ನೂ ಎಸೆದವಳಲ್ಲ. ಎಲ್ಲವೂ ಡ್ರಾಯರ್ ಹಿಡಿಗೆ ನೇತುಬಿದ್ದಿದ್ದವು. ಶರಣ್ಯಾ ಒಂದು ಮುಷ್ಟಿ ಬ್ಯಾಂಡ್ ಕಿತ್ತುಕೊಂಡಳು. ತಾನೇ ಮಾಡಿದ್ದ ಥರ್ಮಾಕೋಲ್ ವಿಮಾನ ಹಿಡಿದು ಹಿತ್ತಲಿಗೆ ಹೋದಳು.

ಒಳಗೆ ಉಗಿ ವಿಮಾನ ಒಂದು ಗೇಣು ತೆವಳಿತು, ಸಾರಿನ ಪಾತ್ರೆಗೆ ಡಿಕ್ಕಿ ಹೊಡೆದು ತಣ್ಣಗಾಯಿತು. ಅಪ್ಪ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದ. ಭಾರ ಜಾಸ್ತಿಯಾಯಿತೆಂದು ಗೊಣಗಿದ.

ಅಷ್ಟರಲ್ಲಿ ಶರಣ್ಯಾ ರಬ್ಬರ್ ತಿರುಚಿ ವಿಮಾನವನ್ನು ಗಾಳಿಗೆ ಬಿಟ್ಟಳು. ಥರ್ಮಾಕೋಲ್ ವಿಮಾನ ಗುಂಯ್ ಎಂದು ಅಪ್ಪನ ತಲೆ ದಾಟಿ, ಬೇಲಿಯನ್ನೂ ದಾಟಿ, ನಜೀರ್ ಅಂಕಲ್ ಲಾನ್ ಮೇಲೆ ಇಳಿಯಿತು.

ಅಪ್ಪ ಬಿದ್ದಂಬೀಳ ಓಡಿದ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ವಿಮಾನ ತಂದವನು ಅವಳ ಕೈಗೆ ಕೊಡದೆ, ಬೆರಳಿನಿಂದ ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತ ನಿಂತ.

"ನಾ ಒಂದ್ ಸಲ ಬಿಡ್ಲೇನು?"

ಅಪ್ಪ ಅವಳನ್ನು ಕೇಳಿದ್ದು ಇದೇ ಮೊದಲು. ಮಾನದ ಚಿಂತೆ ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಅವಳ ಕ್ಲಾಸಿನ ಹುಡುಗರು ಆಟಕ್ಕೆ ಸೇರಿಸಿಕೊಳ್ಳಿ ಎಂದು ಕೇಳುವಾಗ ಹೀಗೇ ನಿಲ್ಲುತ್ತಿದ್ದರು.

"ಓಕೆ. ಜಾಸ್ತಿ ತಿರುಚಬೇಡ, ಹರಿದುಹೋಗತ್ತೆ," ಎಂದಳು ಶರಣ್ಯಾ.

ಆಮೇಲೆ ಯಾರೂ ಹೇಳದೆ, ತಾನೇ ಸ್ವಲ್ಪ ದೂರ ಹೋಗಿ ನಿಂತಳು.