ಇಲ್ಲೇ ಇದ್ದವನು

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವುದು ಅವಳ ಕೆಲಸ. ಎಣ್ಣೆ, ಶಾಯಿ, ಲಿಪ್‌ಸ್ಟಿಕ್, ಯಾವುದಕ್ಕೂ ಜಗ್ಗದವಳು ಫೋನಿನಲ್ಲಿ ಮೂಡಿದ ಒಂದೇ ಒಂದು ಪದಕ್ಕೆ ಸೋತುಹೋದಳು. ಆ ಪದ ‘ಇಲ್ಲೇ’.

‘ಹತ್ತಿರ’ ಎಂಬ ಆ್ಯಪ್ ಆಗಿನ್ನೂ ಹೊಸದು. ಅರ್ಧ ಕಿಲೋಮೀಟರಿನ ಒಳಗಿರುವವರು ಮಾತ್ರ ಅದರಲ್ಲಿ ಒಬ್ಬರಿಗೊಬ್ಬರು ಮೆಸೇಜ್ ಮಾಡಬಹುದಿತ್ತು. ಅದರಾಚೆ ಹೋದವರ ಹೆಸರೇ ಮಾಯ. ಹೆಸರಿನ ಪಕ್ಕ ಎಷ್ಟು ದೂರ ಎಂದು ಅಂಕಿ ತೋರಿಸುತ್ತಿತ್ತು, ತೀರಾ ಸಮೀಪವಿದ್ದರೆ ಅಂಕಿ ಹೋಗಿ ಹಸಿರು ಬಣ್ಣದಲ್ಲಿ ‘ಇಲ್ಲೇ’ ಎಂದು ಬರುತ್ತಿತ್ತು. ಆ ಬೀದಿಯಲ್ಲಿ ಅದನ್ನು ಹಾಕಿಕೊಂಡಿದ್ದವರು ಬೆರಳೆಣಿಕೆಯಷ್ಟು ಜನ. ಬೆಕ್ಕು ಕಳೆದುಕೊಂಡವರು, ನಲ್ಲಿಯಲ್ಲಿ ನೀರು ಬಂತಾ ಎಂದು ಕೇಳುವವರು, ಮತ್ತೆ ‘ಬೋಳನ ಬಾಚಣಿಗೆ’ ಎಂಬ ಹೆಸರಿನ ಒಬ್ಬ.

ಅವಳು ಅಲ್ಲಿ ‘ನೊರೆ’. ಸುಮ್ಮನಿರಲಾರದೆ ಕೇಳಿದಳು. ಬೋಳನಿಗೆ ಬಾಚಣಿಗೆ ಯಾಕೆ?

“ಕೂದಲು ಉದುರಿದ ಹಾಗೆ ಆಸೆನೂ ಉದುರತ್ತಾ?” ಎಂದು ಉತ್ತರ ಬಂತು.

ಅವಳು ಕೋಟಿನ ರಾಶಿಯ ನಡುವೆ ಒಬ್ಬಳೇ ನಕ್ಕಳು. ಇಸ್ತ್ರಿ ಮಾಡುವ ಅಣ್ಣ ತಲೆ ಎತ್ತಿ ನೋಡಿ, ಮತ್ತೆ ಇಸ್ತ್ರಿಗೆ ಬಾಗಿದ.

ಆಮೇಲೆ ಮಾತು ಬೆಳೆಯಿತು. ಹೆಸರು, ಕೆಲಸ, ಮನೆ ಯಾವುದನ್ನೂ ಭೇಟಿಯಾಗುವವರೆಗೆ ಹೇಳಬಾರದು ಎಂಬುದು ಅವನ ಕರಾರು. ಭೇಟಿಯಾಗುವವರೆಗೆ ‘ನೀವು’, ಆದಮೇಲೆ ‘ನೀನು’ ಎಂಬುದು ಅವಳದು. ತನ್ನದು ಜನರ ಬಾಯಿಗೆ ಸಂಬಂಧಪಟ್ಟ ಕೆಲಸ ಎಂದಷ್ಟೇ ಅವನು ಬಾಯಿಬಿಟ್ಟ. ಅಡುಗೆಯವನಿರಬೇಕು, ಇಲ್ಲವೇ ಹಾಡುಗಾರ ಎಂದು ಅವಳು ಲೆಕ್ಕ ಹಾಕಿದಳು. ಬಟ್ಟೆಗೆ ಮೇಣ ಅಂಟಿದರೆ ಏನು ಮಾಡಬೇಕು ಎಂದು ಅವನು ಕೇಳಿದಾಗ, ಐಸ್ ಇಟ್ಟು ಗಟ್ಟಿ ಮಾಡಿ ಚಮಚದ ಹಿಂಬದಿಯಿಂದ ಕೆರೆಯಿರಿ ಎಂದು ಹೇಳಿಕೊಟ್ಟಳು. ಬೆಳಗ್ಗೆ ಅಂಗಡಿಗೆ ಬಂದು ಏಪ್ರನ್ ಕಟ್ಟುವಾಗ ಅವನ ಹೆಸರಿನ ಪಕ್ಕ ಹಸಿರು ಪದ ಬಂದರೆ ಸಾಕು, ಸಂಜೆಯವರೆಗೆ ಅವಳ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ಅವನು ತಮ್ಮ ಕಟ್ಟಡದ ಮೇಲಿನ ಯಾವುದೋ ಮಹಡಿಯಲ್ಲಿದ್ದಾನೆ ಎಂದುಕೊಂಡು, ಮೆಟ್ಟಿಲಿಳಿದು ಬರುವ ಗಂಡಸರ ತಲೆಯನ್ನೆಲ್ಲ ಕಣ್ಣಂಚಿನಲ್ಲೇ ಅಳೆಯುತ್ತಿದ್ದಳು.

“ಸಿಗೋಣವಾ?” ಎಂದು ಕೊನೆಗೆ ಅವನೇ ಕೇಳಿದ. “ಭಾನುವಾರ ನಾಲ್ಕು ಗಂಟೆಗೆ. ಬಾಗಿಲಲ್ಲೇ ನಿಂತಿರ್ತೀನಿ. ಜೇಬಲ್ಲಿ ಬಾಚಣಿಗೆ ಇರತ್ತೆ.”

ಯಾವ ಬಾಗಿಲು ಎಂದು ಅವಳು ಕೇಳಲಿಲ್ಲ. ‘ಇಲ್ಲೇ’ ಎಂದಮೇಲೆ ಇನ್ನೆಲ್ಲಿಯ ಬಾಗಿಲು?

ಭಾನುವಾರ ಅಕ್ಕನ ಹಳದಿ ಶಾಲನ್ನು ಹೊದ್ದು ಅಂಗಡಿಯ ಬಾಗಿಲಲ್ಲಿ ನಿಂತಳು. ಕೆಲಸದ ರಾಸಾಯನಿಕಗಳಿಗೆ ಸುಟ್ಟು ಕಲೆಗಟ್ಟಿದ ಕೈಗಳನ್ನು ಶಾಲಿನೊಳಗೆ ಮುಚ್ಚಿಕೊಂಡಿದ್ದಳು. ಊರ ಕಲೆ ತೆಗೆಯುವವಳ ಕೈಯ ಕಲೆ ಮಾತ್ರ ಹೋಗುವುದಿಲ್ಲ ಎಂದು ಅಕ್ಕ ಛೇಡಿಸುತ್ತಿದ್ದುದು ನೆನಪಾಯಿತು. ಹೋಗಿ ಬರುವವರ ಜೇಬನ್ನೆಲ್ಲ ನೋಡಿದಳು. ಪೆನ್ನಿತ್ತು, ಕನ್ನಡಕವಿತ್ತು, ಬಾಚಣಿಗೆ ಇರಲಿಲ್ಲ. ಫೋನು ಮಾತ್ರ ಹಟ ಹಿಡಿದಂತೆ ‘ಇಲ್ಲೇ’ ಎನ್ನುತ್ತಲೇ ಇತ್ತು.

“ಬಂದಿದ್ದೀನಿ, ಎಲ್ಲಿದ್ದೀರಿ?” ಎಂದು ಅವನು ಬರೆದ. ಬಾಗಿಲಲ್ಲೇ, ಎಂದು ಅವಳು ಬರೆದಳು. ನಾನೂ ಬಾಗಿಲಲ್ಲೇ, ಎಂದ ಅವನು.

ಅವಳು ಹಿಂದೆ ಮುಂದೆ ನೋಡಿದಳು. ಯಾರೂ ಇಲ್ಲ. ಅವನು ಎಲ್ಲೋ ಮರೆಯಲ್ಲಿ ನಿಂತು ತನ್ನನ್ನು ನೋಡಿದ್ದಾನೆ, ನೋಡಿ ಬೇಡವೆನಿಸಿದೆ, ಈಗ ಆಟವಾಡಿಸುತ್ತಿದ್ದಾನೆ. ಹಾಗೆ ಅನ್ನಿಸಿದ ಮೇಲೆ ಅಲ್ಲಿ ನಿಲ್ಲುವುದು ಅವಳಿಂದ ಆಗಲಿಲ್ಲ. ಅವನನ್ನು ಬ್ಲಾಕ್ ಮಾಡಿ ಮನೆಗೆ ಬಂದಳು. ಅಕ್ಕ ಶಾಲು ಮಡಚಿಟ್ಟು ಪಕ್ಕದಲ್ಲಿ ಕೂತಳು. ಅವಳು ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಮನಸಾರೆ ಅತ್ತಳು.

ಆ ವರ್ಷ ‘ಹತ್ತಿರ’ ಬೆಳೆದದ್ದೇ ಬೆಳೆದದ್ದು. ಬಸ್ಸುಗಳ ಮೈಮೇಲೆ ಅದರ ಜಾಹೀರಾತು ಬಂತು. ತರಕಾರಿ ಮಾರುವವರು, ಮನೆ ಬಾಡಿಗೆಯ ದಲ್ಲಾಳಿಗಳು, ವಧೂವರರನ್ನು ಹುಡುಕುವವರು ಎಲ್ಲರೂ ಒಳಗೆ ನುಗ್ಗಿದರು. ಇಸ್ತ್ರಿ ಅಣ್ಣನೂ ಹಾಕಿಕೊಂಡು ದಿನವಿಡೀ ಚೌಕಾಸಿ ಮಾಡತೊಡಗಿದ. ಆ ಸಂತೆಯಲ್ಲಿ ಹಸಿರು ‘ಇಲ್ಲೇ’ಗಳು ನೂರಾರಿದ್ದವು. ಅವಳು ಅದನ್ನು ತೆರೆಯುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ತಲೆ ಪೂರಾ ಬೋಳಾದ ಒಬ್ಬರು ಕೌಂಟರ್ ಮೇಲೆ ಬಿಳಿ ಕೋಟು ಇಟ್ಟರು. ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸವಂತೆ, ಇವತ್ತೇ ಬಿಡುತ್ತಿದ್ದಾರಂತೆ, ಕೋಟನ್ನು ಶುಚಿಮಾಡಿಸಿ ಮಾಲೀಕರಿಗೆ ಒಪ್ಪಿಸಬೇಕಂತೆ. ಲ್ಯಾಬ್ ಎಲ್ಲಿ ಎಂದು ಅವಳು ಮಾಮೂಲಿನಂತೆ ವಿಚಾರಿಸಿದಳು.

“ಈ ಗೋಡೆಯ ಆಚೆಗೇ. ಎರಡು ಕಟ್ಟಡಕ್ಕೂ ಬೆನ್ನಿಗೆ ಬೆನ್ನು. ಆದ್ರೆ ಬಾಗಿಲು ಹಿಂದಿನ ಬೀದಿಗೆ, ಸುತ್ತಿಕೊಂಡು ಬರಬೇಕು. ಇಲ್ಲಿ ಅಂಗಡಿ ಇರೋದೇ ಗೊತ್ತಿರ್ಲಿಲ್ಲ.”

ಕೋಟಿನ ತೋಳಿನ ಮೇಲೆ, ಹಲ್ಲಿನ ಸೆಟ್‌ನ ಅಚ್ಚಿಗೆ ಬಳಸುವ ಗುಲಾಬಿ ಬಣ್ಣದ ಮೇಣದ ಕಲೆಗಳಿದ್ದವು. ಮೇಲಿನ ಪದರವನ್ನು ಯಾರೋ ನಾಜೂಕಾಗಿ, ದಾರ ಎಳೆಯದಂತೆ ಕೆರೆದಿದ್ದರು. ಅವಳ ಬೆರಳು ಅಲ್ಲಿ ನಿಂತಿತು. ಗಿರಾಕಿಯ ಎದುರಿಗೇ ಜೇಬು ಖಾಲಿ ಮಾಡುವುದು ಆ ಅಂಗಡಿಯ ಪದ್ಧತಿ. ಕೈ ಹಾಕಿದಳು. ಒಂದು ಚಿಕ್ಕ ಬಾಚಣಿಗೆ ಬಂತು.

ಅವರು ನಾಚಿ ನಕ್ಕರು. “ತಮಾಷೆಗೆ ಇಟ್ಕೊಂಡಿದ್ದು.”

“ಆಸೆ ಉದುರಲ್ಲ ಅಂದಿದ್ರಿ,” ಎಂದಳು ಅವಳು.

ಅವರ ನಗು ಮುಖದ ಮೇಲೇ ನಿಂತುಹೋಯಿತು. ಅವಳ ಮುಖ, ಅವಳ ಕೈ, ಹಿಂದಿದ್ದ ಗೋಡೆ ಎಲ್ಲವನ್ನೂ ಒಂದೊಂದಾಗಿ ನೋಡಿದರು.

“ನೊರೆ?”

ಅವಳು ಹೌದೆಂದು ತಲೆಯಾಡಿಸಿದಳು.

“ಆವತ್ತು ಕತ್ತಲಾಗೋವರೆಗೂ ನಿಂತಿದ್ದೆ,” ಎಂದರು ಮೆಲ್ಲಗೆ. “ನೀವು ನನ್ನ ನೋಡಿ, ಬೇಡ ಅಂತ ಹೊರಟುಹೋದ್ರಿ ಅಂದ್ಕೊಂಡೆ. ಈ ತಲೆ ನೋಡಿ.”

“ನಾನು, ನೀವು ಈ ಕೈ ನೋಡಿ ಬೇಡ ಅಂದ್ರಿ ಅಂದ್ಕೊಂಡೆ.”

ಇಸ್ತ್ರಿ ಅಣ್ಣ ಚಹಾದ ನೆಪ ಹೇಳಿ ಹೊರಗೆ ಹೋದ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಅವಳು ಕೇಳಿದಳು. ಅವರು ಕೌಂಟರಿನ ಅಂಚನ್ನು ನೋಡುತ್ತ ಉತ್ತರಿಸಿದರು.

“ಮದುವೆ ಗೊತ್ತಾಗಿದೆ. ಹುಡುಗಿಯ ಊರಲ್ಲೇ ಕೆಲಸ ಸಿಕ್ಕಿದೆ. ಆವತ್ತಿನಿಂದ ಮನಸ್ಸೇ ಇರ್ಲಿಲ್ಲ, ಚಿಕ್ಕಮ್ಮ ಕೇಳಿದ್ರು, ಹೂಂ ಅಂದ್ಬಿಟ್ಟೆ. ಆ ಹುಡುಗಿ ಒಳ್ಳೆಯವಳು. ಅವಳದೇನೂ ತಪ್ಪಿಲ್ಲ.”

ಆ ಹುಡುಗಿಯದು ತಪ್ಪಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಬಿಡಿ, ಹೋಗಬೇಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಬಾಗಿಲಲ್ಲಿ ಇನ್ನೊಬ್ಬಳು ಕಾಯುತ್ತ ನಿಲ್ಲುವುದನ್ನು ನೆನೆದು ನುಂಗಿಕೊಂಡಳು.

“ಕೂತ್ಕೊಳ್ಳಿ,” ಎಂದಳು. “ಈಗಲೇ ಮಾಡಿಕೊಡ್ತೀನಿ.”

ಚಿಟಿಕೆ ಹೊಡೆಯುವುದರಲ್ಲಿ ಹೋಗುವ ಕಲೆಗಳು. ಅವಳು ಇಡೀ ಮಧ್ಯಾಹ್ನ ತೆಗೆದುಕೊಂಡಳು. ಒಂದೊಂದು ಕಲೆಯ ಮೇಲೂ ಬಿಳಿ ಬಟ್ಟೆ ಒತ್ತಿ, ಕಾದು, ಮತ್ತೆ ಒತ್ತಿದಳು. ಅವರು ಸ್ಟೂಲಿನ ಮೇಲೆ ಕೂತು ಅವಳ ಕೈಗಳನ್ನೇ ನೋಡುತ್ತಿದ್ದರು. ಅವಳು ಅವನ್ನು ಮುಚ್ಚಿಕೊಳ್ಳಲಿಲ್ಲ. ಹಳೆಯ ಜೋಕುಗಳನ್ನು ನೆನಪಿಸಿಕೊಂಡು ಇಬ್ಬರೂ ಒಂದೆರಡು ಸಲ ನಕ್ಕರು ಕೂಡ.

ಕೋಟನ್ನು ಕವರಿಗೆ ಹಾಕಿ ಕೊಟ್ಟಾಗ ಅವರು ಬಾಗಿಲಲ್ಲಿ ನಿಂತರು. ಆ ಬಾಗಿಲಲ್ಲೇ.

“ಹೋಗಿ ಬಾ,” ಎಂದಳು ಅವಳು. ಅದೊಂದು ಸಲ ಏಕವಚನ.

“ಬರ್ತೀನಿ ಕಣೇ,” ಎಂದ ಅವನು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಕಣ್ಮರೆಯಾದ ಮೇಲೆ ಫೋನು ತೆಗೆದು ಬ್ಲಾಕ್ ತೆಗೆದಳು. ನೂರಾರು ಹೆಸರುಗಳ ನಡುವೆ ಬೋಳನ ಬಾಚಣಿಗೆ, ಇಲ್ಲೇ. ನೋಡನೋಡುತ್ತಿದ್ದಂತೆ ಆ ಹಸಿರು ಹೋಗಿ ಅಂಕಿ ಬಂತು, ಅಂಕಿ ಬೆಳೆಯುತ್ತಾ ಹೋಯಿತು. ಇನ್ನೇನು ಅರ್ಧ ಕಿಲೋಮೀಟರು ಮುಗಿಯಿತು ಎನ್ನುವಾಗ ಮೆಸೇಜು ಬಂತು.

“ಬಾಚಣಿಗೆ ಬೇಕಂತಲೇ ಬಿಟ್ಟು ಬಂದಿದ್ದೀನಿ.”

ಅವಳು ಉತ್ತರ ಬರೆಯುವಷ್ಟರಲ್ಲಿ ಹೆಸರು ಮಾಯವಾಗಿತ್ತು.

ಇಸ್ತ್ರಿ ಅಣ್ಣ ವಾಪಸ್ ಬಂದು ಕೌಂಟರ್ ಮೇಲಿದ್ದ ಬಾಚಣಿಗೆಯನ್ನು ನೋಡಿದ. ಗಿರಾಕಿಗಳು ಮರೆತ ಸಾಮಾನು ಹಾಕುವ ಡಬ್ಬಿಯನ್ನು ಅವಳ ಮುಂದೆ ಚಾಚಿ, “ತಗೊಂಡು ಹೋಗೋಕೆ ಬರ್ತಾರೇನಮ್ಮಾ?” ಎಂದು ಕೇಳಿದ.

“ಇಲ್ಲಣ್ಣ,” ಎಂದಳು. ಇಷ್ಟು ವರ್ಷ ಬೇರೆಯವರ ಜೇಬು ಖಾಲಿ ಮಾಡಿದವಳು ಅದನ್ನು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಮುಂದಿನ ಕೋಟನ್ನು ಎಳೆದುಕೊಂಡಳು.