ಸುರಂಗದ ಮೇಲಿನ ಒರತೆ

ಇಕುಕೊ ಮೊದಲ ಸಲ ಬಂದ ದಿನ ಸೆಯ್‌ಜಿ ಅವಳನ್ನು ಹಿತ್ತಲಿಗೇ ಬಿಟ್ಟುಕೊಳ್ಳಲಿಲ್ಲ. ಮೊಣಕೈವರೆಗೆ ಸೋಯಾ ಹಾಲಿನ ನೊರೆ ಮೆತ್ತಿಕೊಂಡೇ ತೋಫು ಅಂಗಡಿಯ ಬಾಗಿಲಿಗೆ ಅಡ್ಡ ನಿಂತ.

“ಸುರಂಗದ ಕಡೆಯವರಾ?”

“ಹೌದು. ನಿಮ್ಮ ಒರತೆ ನೀರು ಅಳೀಬೇಕು.”

“ಅಳೆದು, ಆಮೇಲೆ ಕದಿಯೋಕಾ?”

“ಕದಿಯೋರು ಚೀಟಿ ಬರ್ಕೊಡಲ್ಲ.” ಹೆಲ್ಮೆಟ್ಟಿನಡಿಯಿಂದ ಇಳಿದ ಬೆವರ ಹನಿಯೊಂದು ಅವಳ ಮೂಗಿನ ತುದಿಯಲ್ಲಿ ತೂಗುತ್ತಿತ್ತು. “ನಾನು ಪ್ರತಿ ವಾರ ಅಳತೆ ಬರ್ಕೊಡ್ತೀನಿ. ನೀರು ಒಂದು ಬೆರಳು ಇಳಿದ್ರೂ ಮೊದಲು ನಿಮಗೇ ಹೇಳ್ತೀನಿ.”

ಒಳಗಿಂದ ತಾಯಿ ತೋಕಿ ಕೂಗಿದಳು. “ಬಿಡೋ ಒಳಗೆ! ಈ ಹಿತ್ತಲಿಗೆ ಒಂದು ಹೆಣ್ಣು ತಾನಾಗೇ ಬಂದು ಹತ್ತು ವರ್ಷ ಆಯ್ತು.”

ಸೆಯ್‌ಜಿ ಕಿವಿಯವರೆಗೂ ಕೆಂಪಾಗಿ ದಾರಿ ಬಿಟ್ಟ.

ಬುಲೆಟ್ ರೈಲಿನ ದಾರಿ ಅವರ ಬೆಟ್ಟದ ಹೊಟ್ಟೆಯೊಳಗೆ ಇಪ್ಪತ್ತು ಕಿಲೋಮೀಟರ್ ಹಾಯಬೇಕಿತ್ತು. ಅದೇ ಬೆಟ್ಟದೊಳಗೆ ನೀರಿಗೂ ತನ್ನದೇ ದಾರಿಗಳಿದ್ದವು. ಕೊರೆಯುವಾಗ ಅಂಥದ್ದೊಂದಕ್ಕೆ ಪೆಟ್ಟು ಬಿದ್ದರೆ ಮೇಲಿನ ಒರತೆ ಬತ್ತಬಹುದು. ನಾಲ್ಕು ತಲೆಮಾರಿನಿಂದ ಆ ಮನೆಯ ತೋಫು, ಹಿತ್ತಲಿನ ಮೆಟ್ಟಿಲುಬಾವಿಯಲ್ಲಿ ಜಿನುಗುವ ಆ ಒರತೆಯ ನೀರಿನದೇ. ನಲ್ಲಿ ನೀರಿನ ತೋಫುವನ್ನು ತೋಕಿ ‘ಒದ್ದೆ ಸೀಮೆಸುಣ್ಣ’ ಎಂದು ಮೂದಲಿಸುತ್ತಿದ್ದಳು.

ಇಕುಕೊ ಪ್ರತಿ ವಾರ ಬಂದಳು. ಮೊದಮೊದಲು ಅವನು ಚೀಟಿ ಇಸಿದುಕೊಂಡು ಕೆಲಸಕ್ಕೆ ಮರಳುತ್ತಿದ್ದ. ಚಳಿ ಶುರುವಾದ ಮೇಲೆ ಒಂದು ಲೋಟ ಬಿಸಿ ಸೋಯಾ ಹಾಲು ಕಟ್ಟೆಯ ಮೇಲಿಟ್ಟು, ತನಗೇನೂ ಗೊತ್ತಿಲ್ಲದವನಂತೆ ಒಳಗೆ ಹೋಗಲು ಕಲಿತ. ಎರಡನೇ ವರ್ಷದ ಹೊತ್ತಿಗೆ ಒಳಗೆ ಹೋಗುವುದನ್ನೂ ಬಿಟ್ಟ.

“ಬೆಟ್ಟದ ದೇವತೆಗೆ ಸುರಂಗದೊಳಗೆ ಹೆಂಗಸರು ಬಂದ್ರೆ ಹೊಟ್ಟೆಕಿಚ್ಚಂತೆ, ಹೌದಾ?” ಒಂದು ಸಲ ಕೇಳಿದ.

“ಹಳಬರು ಹಾಗಂತಾರೆ. ನನ್ನ ನೋಡಿ ಯಾವ ದೇವತೆಗೆ ಹೊಟ್ಟೆಕಿಚ್ಚಾಗುತ್ತೆ ಹೇಳಿ?”

ಅವನು ಅವಳ ಕೆನ್ನೆಗಂಟಿದ ಕೆಸರನ್ನು ನೋಡಿದ. ಲೋಟದ ಅಂಚಿನ ಮೇಲಿಂದ ನಗುತ್ತಿದ್ದ ಕಣ್ಣುಗಳನ್ನು ನೋಡಿದ. “ಆಗಬಹುದು,” ಎಂದು ಗೊಣಗಿ, ತೊಳೆದಿಟ್ಟ ಬಕೆಟ್ಟನ್ನೇ ಮತ್ತೆ ತೊಳೆಯತೊಡಗಿದ.

ಮೂರನೇ ವಸಂತದಲ್ಲಿ ನೀರು ಇಳಿಯಿತು. ಮೊದಲ ವಾರ ನಾಲ್ಕು ಬೆರಳು. ಮೂರನೇ ವಾರಕ್ಕೆ ಮೊಳದಷ್ಟು.

ಆ ವಾರದ ಚೀಟಿಯನ್ನು ಇಕುಕೊ ಅವನ ಕೈಗಿತ್ತಳು. “ಸೆಯ್‌ಜಿ ಅವ್ರೇ, ಕೊರೆತ ಬಿರುಕು ಬಿಟ್ಟ ಬಂಡೆಗೆ ತಲುಪಿದೆ, ನೀರು ಸುರಂಗಕ್ಕೆ ಸೋರ್ತಿದೆ. ನಾನು...”

“ಹೇಳಿದ್ರಲ್ಲ, ಮೊದಲು ನಮಗೇ ಹೇಳ್ತೀನಿ ಅಂತ. ಹೇಳಿದ್ದಾಯ್ತು. ಹೊರಡಿ.”

ಮುಂದಿನ ವಾರಗಳಲ್ಲಿ ಅವಳು ಬಂದಳು, ಅಳೆದಳು, ಚೀಟಿಯನ್ನು ಕಲ್ಲಿನಡಿಯಿಟ್ಟು ಹೋದಳು. ಅವನು ತಲೆಯೆತ್ತಲಿಲ್ಲ. ಕಟ್ಟೆಯ ಮೇಲೆ ಲೋಟವಿರಲಿಲ್ಲ. ತೋಫು ಅರ್ಧಕ್ಕರ್ಧ ಕಡಿಮೆ ಮಾಡುತ್ತಿದ್ದ ಅವನಿಗೆ, ನೀರಿಗಿಂತ ಹೆಚ್ಚು ಆ ಲೋಟವೇ ಕಾಡುತ್ತಿತ್ತೆಂದು ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ಒಂದು ಬೆಳಿಗ್ಗೆ ಸುರಂಗದ ಮೇಸ್ತ್ರಿ ಹಮುರೊ ತೋಫು ಕೊಳ್ಳಲು ಬಂದ.

“ನಿಮ್ಮ ಬಾವಿಯ ದೆಸೆಯಿಂದ ನಾವು ಐದು ವಾರ ಕೈಕಟ್ಟಿ ಕೂತಿದ್ದೀವಿ, ಮಾರಾಯ್ರೇ.”

“ಯಾಕೆ?”

“ಗೊತ್ತಿಲ್ವಾ? ಆ ಇಕುಕೊ, ಎರಡು ವರ್ಷದ ಲೆಕ್ಕದ ಹಾಳೆ ಎಲ್ಲಾ ಹೊತ್ಕೊಂಡು ಬಂದು ಬಾಸ್ ರೂಮಲ್ಲಿ ಎರಡು ದಿನ ಕೂತ್ಲು. ಕೊರೆಯೋದು ನಿಲ್ಲಿಸಿ, ಬಿರುಕಿಗೆಲ್ಲಾ ಸಿಮೆಂಟ್ ತುಂಬ್ತೀವಿ ಅಂತ ಒಪ್ಪೋವರೆಗೂ ಏಳಲ್ಲ ಅಂದ್ಲು. ‘ನಿನ್ನ ಎತ್ತಂಗಡಿ ಮಾಡಿಸ್ತೀನಿ’ ಅಂತ ಬಾಸ್ ಕಿರುಚಿದ್ರು. ‘ಮಾಡಿಸಿ, ಮೊದಲು ಮಿಷನ್ ನಿಲ್ಸಿ’ ಅಂದ್ಲಂತೆ. ಸಿಮೆಂಟ್ ತುಂಬಿದ್ದಾಯ್ತು, ಇವತ್ತು ಅವಳು ಸಾಮಾನು ಕಟ್ತಾ ಇದ್ದಾಳೆ.”

ಸೆಯ್‌ಜಿಯ ಕೈಯಿಂದ ತೋಫು ಜಾರಿ ತೊಟ್ಟಿಗೆ ಬಿತ್ತು. ಅದೇ ಹೊತ್ತಿಗೆ ಹಿತ್ತಲಿನಿಂದ ತೋಕಿಯ ಕೂಗು ಕೇಳಿಸಿತು.

“ಸೆಯ್‌ಜಿ! ಕೆಳಗಿನ ಮೆಟ್ಟಿಲು ಮುಳುಗಿದೆ ಕಣೋ! ನೀರು ಬಂತು!”

ಅವನು ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡಿದ. ನೀರು ಕಪ್ಪಗೆ, ತಣ್ಣಗೆ, ಮೆಲ್ಲಗೆ ಮೇಲೇರುತ್ತಿತ್ತು.

“ಅಮ್ಮಾ, ಅಂಗಡಿ ನೋಡ್ಕೋ.”

“ಇಷ್ಟು ದಿನ ಅದನ್ನೇ ಕಾಯ್ತಾ ಇದ್ದೆ. ಓಡು!”

ಏಪ್ರನ್ ಬಿಚ್ಚದೆ, ಬೂಟು ಪಚಪಚ ಎನ್ನಿಸುತ್ತ ಅವನು ಸುರಂಗದ ಆಫೀಸಿಗೆ ಓಡಿದ. ಇಕುಕೊ ಬಾಗಿಲಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು.

“ನೀರು... ಬಂತು,” ಎಂದು ಏದುಸಿರು ಬಿಟ್ಟ.

ಅವಳು ಹಗ್ಗ ಬಿಟ್ಟು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಒಂದೇ ಸಮನೆ ಅಲುಗಿದವು. ಸುತ್ತಲಿದ್ದ ಕೆಲಸಗಾರರು ಇದ್ದಕ್ಕಿದ್ದಂತೆ ಆಕಾಶದಲ್ಲೇನೋ ಹುಡುಕತೊಡಗಿದರು.

“ಇಕುಕೊ ಅವ್ರೇ, ನಾನು ಮೂರ್ಖ. ಹೋಗ್ಬೇಡಿ ಅನ್ನೋ ಹಕ್ಕು ನನಗಿಲ್ಲ. ಎಲ್ಲಿಗೆ ಕಳಿಸ್ತಿದ್ದಾರೆ ಹೇಳಿ. ಎಷ್ಟು ದೂರ ಆದ್ರೂ ಬರ್ತೀನಿ.”

“ನಿಮ್ಮ ಪಕ್ಕದ ಬೀದಿಗೆ.”

“ಏನು?”

“ಸುರಂಗ ಮುಗಿಯೋವರೆಗೂ, ಮುಗಿದ ಮೇಲೂ ಮೂರು ವರ್ಷ, ಒರತೆ ನೋಡ್ಕೊಳ್ಳೋಕೆ ಒಬ್ಬರು ಊರಲ್ಲೇ ಇರ್ಬೇಕು. ಯಾರಿಗೂ ಬೇಡದ ಕೆಲಸ. ಶಿಕ್ಷೆ ಅಂದ್ಕೊಂಡು ಬಾಸ್ ಖುಷಿಯಾಗಿ ಸಹಿ ಹಾಕಿದ್ರು.” ಅವಳು ಕಣ್ಣೊರೆಸಿಕೊಂಡಳು. “ನೀವು ಮಾತು ಬಿಟ್ಟ ವಾರವೇ ಅರ್ಜಿ ಹಾಕಿದ್ದೆ.”

“ನೀರು ಬರದೇ ಇದ್ದಿದ್ರೆ?”

“ನಿಮ್ಮ ಬೈಗುಳ ಕೇಳೋಕಾದ್ರೂ ಯಾರಾದ್ರೂ ಬೇಕಿತ್ತಲ್ಲ.”

ಸೆಯ್‌ಜಿ ಅವಳ ಪೆಟ್ಟಿಗೆಯ ಮೇಲೆಯೇ ಕುಸಿದು ಕೂತು, ಎಷ್ಟೋ ವಾರಗಳಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟು ನಕ್ಕ.

“ಏಳಿ, ಒಳಗೆ ಗಾಜಿನ ಸಾಮಾನಿದೆ,” ಎಂದಳು ಇಕುಕೊ. ಆದರೆ ಅವನನ್ನು ಎಬ್ಬಿಸಲೆಂದು ಚಾಚಿದ ಕೈಯನ್ನು, ಅವನು ಎದ್ದು ನಿಂತ ಮೇಲೂ ಅವಳು ಹಿಂತೆಗೆದುಕೊಳ್ಳಲಿಲ್ಲ.