ತಾರ್ನಾಕದಲ್ಲಿ ನೀರುಂಟು

ಆ ಬೇಸಿಗೆ ನೆನಪಾದಾಗಲೆಲ್ಲ ಸುಮಂಗಲಾಗೆ ಮೊದಲು ಕೇಳಿಸುವುದು ಸ್ಟೀಲ್ ಲೋಟ ಮಣ್ಣಿನ ಹರವಿಯ ಅಂಚಿಗೆ ತಾಗುವ ಸದ್ದು.

ಹೈದರಾಬಾದಿನ ತಾರ್ನಾಕದ ಒಂದು ಒಳರಸ್ತೆಯಲ್ಲಿ ಅವಳ ಸೋದರತ್ತೆ ಅಂಬುಬಾಯಿಯ ಮನೆಯಿತ್ತು. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಲೇ ಕೂದಲು ನರೆತು ನಿವೃತ್ತಳಾದ ಹೆಂಗಸು ಅತ್ತೆ. ಪ್ರತಿ ಬೇಸಿಗೆಯಲ್ಲೂ ಗೇಟಿನ ಹೊರಗೆ, ಬೇವಿನ ಮರದ ಬುಡದಲ್ಲಿ ಮರಳು ಹಾಸಿ, ಹರವಿಯಿಟ್ಟು, ದಾರಿಯಲ್ಲಿ ಹೋಗುವವರಿಗೆಂದು ನೀರು ತುಂಬಿಸಿಡುತ್ತಿದ್ದಳು. ಲಿಂಗಸೂಗೂರಿನಿಂದ ಬಂದು ಹಬ್ಸಿಗುಡದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಸುಮಂಗಲಾ ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ವಾರವೆಲ್ಲ ಬೇರೆಯವರ ಸೊಂಟ, ಮೊಣಕಾಲು ತಿದ್ದಿ ದಣಿದವಳಿಗೆ ಭಾನುವಾರದ ಬೆಳಗಿನ ನಿದ್ದೆಯೆಂದರೆ ಪ್ರಾಣ.

ಆ ನಿದ್ದೆಗೇ ಒಂದು ಭಾನುವಾರ ಕಲ್ಲು ಬಿತ್ತು. ಬಾಲ್ಕನಿಗೆ ಬಂದು ನೋಡಿದರೆ ಗೇಟಿನ ಮುಂದೆ ಬಣ್ಣಬಣ್ಣದ ಟೀಶರ್ಟ್ ತೊಟ್ಟ ಒಂದು ಗುಂಪು. ಬೆವರು ಸುರಿಸುತ್ತ, ನಗುತ್ತ, ಹರವಿಯ ಸುತ್ತ ಲೋಟಕ್ಕೆ ಕೈಚಾಚುತ್ತಿದ್ದರು.

“ಯಾರ್ರೀ ನೀವು? ಏನ್ ನಡಸೀರಿ ಇಲ್ಲಿ?” ನಿದ್ದೆಗಣ್ಣಿನಲ್ಲಿ ಕನ್ನಡವೇ ಬಂತು.

“ಇಕ್ಕಡ ನೀಳ್ಳುನ್ನಾಯನಿ ಯಾಪ್‌ಲೋ ಉಂದಿ ಮೇಡಂ!” ಒಬ್ಬ ಫೋನು ಎತ್ತಿ ಹಿಡಿದ.

ಇಲ್ಲಿ ನೀರಿದೆ ಎಂದು ಯಾಪ್‌ನಲ್ಲಿದೆಯಂತೆ. ಕೆಳಗಿಳಿದು ನೋಡಿದಳು. ಹೈದರಾಬಾದಿನ ನಕಾಶೆ, ಅದರ ತುಂಬ ನೀಲಿ ಹನಿಗಳು. ಒಂದು ಹನಿ ಸರಿಯಾಗಿ ಅವರ ಗೇಟಿನ ಮೇಲೆ ಕೂತಿತ್ತು. ಮೇಲ್ಗಡೆ ಇಂಗ್ಲಿಷಿನ ಪಕ್ಕ ಕನ್ನಡದಲ್ಲೂ ಹೆಸರು: ‘ನೀರುಂಟು’.

ಕನ್ನಡ ಕಂಡು ಅವಳ ಸಿಟ್ಟು ಇನ್ನೂ ಹೆಚ್ಚಿತು. ನಮ್ಮವನೇ ಮಾಡಿದ್ದಾನೆ! ಅಂದೇ ಮೇಲ್ ಬರೆದಳು. ಯಾರದೋ ಮನೆಯ ಬಾಗಿಲನ್ನು ಒಂದು ಮಾತೂ ಕೇಳದೆ ಊರಿಗೆಲ್ಲ ತೋರಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಉತ್ತರ ಚಿಕ್ಕದಾಗಿತ್ತು. “ತಪ್ಪಾಯಿತು. ಮುಂದಿನ ಭಾನುವಾರ ಬಂದು ಎದುರಿಗೇ ಹೇಳುತ್ತೇನೆ. ಋಷಭ್, ಕೊಂಡಾಪುರ.”

ಬಂದ. ಬಂದ ಅನ್ನುವುದಕ್ಕಿಂತ ಕುಂಟಿದ ಅನ್ನಬೇಕು. ಎತ್ತರದ, ತೆಳ್ಳನೆಯ ಹುಡುಗ, ಕನ್ನಡಕದ ಮೇಲೆಲ್ಲ ಬೆವರಿನ ಹನಿ, ಬಲಗಾಲ ಮೀನಖಂಡ ಹಿಡಿದುಕೊಂಡು ಗೇಟಿಗೆ ಆತು ನಿಂತಿದ್ದ.

“ಊರಿನ ಆ ತುದಿ ಕೊಂಡಾಪುರದಿಂದ ಓಡಿಕೊಂಡು ಬಂದ್ರೇನು? ಯಾಕ್ರಿ, ನಿಮ್ಮ ಕಡೆ ಮೆಟ್ರೋ ಇಲ್ಲೇನು?”

“ಉಂಟು. ತಪ್ಪು ಒಪ್ಪಿಕೊಳ್ಳಲಿಕ್ಕೆ ಎಸಿಯಲ್ಲಿ ಕೂತು ಬರುವುದು ಸರಿಯಲ್ಲ ಅನ್ನಿಸಿತು.”

ಅವಳಿಗೆ ನಗು ಬಂತು. ನಗದೆ, “ಕೂಡ್ರಿ ಇಲ್ಲಿ. ಕಾಲು ಚಾಚ್ರಿ,” ಎಂದಳು. ಕಟ್ಟೆಯ ಮೇಲೆ ಕೂರಿಸಿ, ಪಾದವನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ಹಿಡಿದುಕೊಂಡಿದ್ದ ಸ್ನಾಯುವನ್ನು ಹೆಬ್ಬೆರಳಿನಿಂದ ಒತ್ತಿದಳು. ಅವನು ಕಣ್ಣು ಮುಚ್ಚಿ “ಅಯ್ಯಯ್ಯೋ ಮಾರಾಯ್ರೆ” ಎಂದ. ನೋವು ಇಳಿದ ಮೇಲೆ ಕಣ್ಣು ತೆರೆದವನು ಅವಳನ್ನು ನೋಡಿದ. ನೋಡುತ್ತಿದ್ದೇನೆ ಎಂದು ಗೊತ್ತಾಗಿ, ತೊಟ್ಟುಕೊಂಡೇ ಇದ್ದ ಕನ್ನಡಕಕ್ಕಾಗಿ ಕಟ್ಟೆಯ ಮೇಲೆಲ್ಲ ತಡಕಾಡಿದ.

ಅತ್ತೆ ಮಜ್ಜಿಗೆ ಹಾಕಿದ ಜೋಳದ ಅಂಬಲಿ ತಂದಳು. “ಉಳ್ಳಾಗಡ್ಡಿ ಹಾಕೀನಿ, ನಡಿತೈತಿಲ್ಲೋ ತಮ್ಮಾ?”

“ಇಲ್ಲಮ್ಮ. ನಾವು ಜೈನರು. ಊರು ಕಾರ್ಕಳ.” ತಪ್ಪು ಮಾಡಿದವನಂತೆ ತಲೆತಗ್ಗಿಸಿದ. ಅತ್ತೆ ಲೋಟ ಒಳಗೊಯ್ದು ಬೇರೆ ಅಂಬಲಿ ತಂದಳು.

ಕುಡಿದು ಮುಗಿಸಿ ಫೋನು ತೆಗೆದ. “ಈಗಲೇ ಈ ಹನಿ ಅಳಿಸುತ್ತೇನೆ. ಆಫೀಸು ಬಿಟ್ಟು ಮಿಕ್ಕ ಹೊತ್ತಿನಲ್ಲಿ ಹೀಗೇ ಎಂತದ್ದಾದರೂ ಮಾಡ್ತಾ ಇರ್ತೇನೆ. ಇದೊಂದು ಸೈಡ್ ಪ್ರಾಜೆಕ್ಟ್. ಒಮ್ಮೆ ಈ ದಾರಿಯಲ್ಲಿ ಓಡುವಾಗ ತಲೆ ತಿರುಗಿತ್ತು. ಇದೇ ನೀರು ಕುಡಿದು ಬದುಕಿದೆ. ಆ ಖುಷಿಗೆ ಹಾಕಿಬಿಟ್ಟೆ.”

“ಅಳಿಸಬ್ಯಾಡ,” ಎಂದಳು ಅತ್ತೆ. “ಬಾಯಾರಿದವ್ರು ಕುಡೀಲಿ. ಆದ್ರ ಒಂದು ಶರ್ತ. ಭಾನುವಾರ ಬಂದು ಹರವಿ ನೀನ ತುಂಬಬೇಕು.”

ಹಾಗೆ ಶುರುವಾಯಿತು.

ಬೆಳಿಗ್ಗೆ ಬೈಕಿನಲ್ಲಿ ಬಂದು ಹರವಿ ತೊಳೆದು ತುಂಬಿಸಿ, ಹತ್ತಿರದ ಯೂನಿವರ್ಸಿಟಿಯ ಕ್ಯಾಂಪಸ್ಸಿನಲ್ಲಿ ಓಡಿ ಬರುತ್ತಿದ್ದ. ತಿರುಗಿ ಬಂದು ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದ. ಒಳಗೆ ನವಣೆ ಉಪ್ಪಿಟ್ಟು, ಇಲ್ಲವೇ ಮೊಳಕೆ ಹೆಸರುಕಾಳು. ಸುಮಂಗಲಾ ಎದುರಿಗೆ ಕೂತು ಬೇಕೆಂದೇ ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು.

“ನೀವು ಫಿಸಿಯೋ. ನೀವೇ ಹೀಗೆ ತಿಂದರೆ?”

“ನಾ ಮೊಣಕಾಲಿನ ಡಾಕ್ಟರ್ರಿ, ಹೊಟ್ಟೆದಲ್ಲ.”

ಅವನು ಮಾಡಿದ ಚಿಲ್ಲರೆ ಪ್ರಾಜೆಕ್ಟುಗಳಿಗೆ ಕೊನೆಯಿರಲಿಲ್ಲ. ಕುರ್ಚಿ ಬಿಟ್ಟು ಏಳು ಎಂದು ಬಯ್ಯುವ ಯಾಪ್. ಹಕ್ಕಿಯ ಕೂಗು ಕೇಳಿ ಹೆಸರು ಹೇಳುವ ಯಾಪ್. ಅದಕ್ಕೆ ಕಾಗೆಯೊಂದೇ ಗೊತ್ತಿತ್ತು. ಕಾರ್ಕಳದ ಅಜ್ಜಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಬೇಕಲ್ಲ, ಮೋಡದ ದಿನ ಅವಳಿಗೆ ಹೊತ್ತು ತಿಳಿಯದೆಂದು ಸಂಜೆಗೆ ಗಂಟೆ ಬಾರಿಸುವ ಯಾಪ್. ಅದೊಂದನ್ನು ಮಾತ್ರ ಪೂರ್ತಿ ಮುಗಿಸಿದ್ದ. ಅದನ್ನು ಹೇಳುವಾಗ ಅವನ ದನಿ ಮೆತ್ತಗಾಯಿತು. ಈ ಹುಡುಗ ಇಷ್ಟವಾಗುತ್ತಿದ್ದಾನೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗ.

“ನೀವು ಯಾಕೆ ಓಡುವುದಿಲ್ಲ?” ಒಂದು ದಿನ ಕೇಳಿದ.

ರಾಯಚೂರಿನ ಕಾಲೇಜಿನಲ್ಲಿ ಓಟದಲ್ಲಿ ಅವಳೇ ಮುಂದು. ಒಂದು ರೇಸಿನ ತಿರುವಿನಲ್ಲಿ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಕಾಲು ಸರಿಹೋಯಿತು. ಎಲ್ಲರನ್ನೂ ಓಡಿಸುವ ವಿದ್ಯೆ ಕಲಿತಳು. ತಾನು ಮಾತ್ರ ಓಡಲಿಲ್ಲ.

“ಕಾಲಿಗೆ ಏನೂ ಆಗಿಲ್ರಿ. ಅಂಜಿಕಿ.”

ಅವನು ಬುದ್ಧಿ ಹೇಳಲಿಲ್ಲ. “ಹಾಗಾದರೆ ನಡೆಯುವಾ,” ಎಂದ.

ನಡೆದರು. ಕ್ಯಾಂಪಸ್ಸಿನ ಆರ್ಟ್ಸ್ ಕಾಲೇಜಿನ ಕಲ್ಲಿನ ಗೋಡೆಗೆ ಬಿಸಿಲು ಬೀಳುವ ಮೊದಲೇ, ಮರಗಳ ನೆರಳಿನ ದಾರಿಯಲ್ಲಿ. ಒಮ್ಮೊಮ್ಮೆ ನವಿಲು ಅಡ್ಡ ಬರುತ್ತಿತ್ತು. ಕೆಲವು ವಾರಗಳಲ್ಲಿ ನಡಿಗೆ ಜಾಗಿಂಗ್ ಆಯಿತು. ಬೀಳುತ್ತೇನೆ ಎಂದು ಹೆದರಿದಾಗಲೆಲ್ಲ ಅವನ ತೋಳು ಹಿಡಿಯುತ್ತಿದ್ದಳು. ಹೆದರಿಕೆ ಹೋದ ಮೇಲೂ ಕೈ ಅಲ್ಲೇ ಇರುತ್ತಿತ್ತು. ಇಬ್ಬರೂ ಅದನ್ನು ಗಮನಿಸದವರಂತೆ ಓಡುತ್ತಿದ್ದರು.

ಒಮ್ಮೆ ಒಂದು ಇಳಿಜಾರಿನಲ್ಲಿ ಥಟ್ಟನೆ ನಿಂತು, ಕಾರಣವಿಲ್ಲದೆ ಅತ್ತುಬಿಟ್ಟಳು. ಬಿದ್ದ ಆ ತಿರುವು ಕಣ್ಮುಂದೆ ಬಂದಿತ್ತು. ಅವನು ಪಕ್ಕದಲ್ಲೇ ನಿಂತ. ಅವಳೇ ಮೂಗು ಒರೆಸಿಕೊಂಡು ಮತ್ತೆ ಓಡಲು ಶುರುಮಾಡಿದಳು. ಆ ದಿನವೇ ಅವಳು ಆಗಸ್ಟಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟಳು. ಜಾಗಿಂಗ್ ಶುರುವಾದ ದಿನವೇ ತನ್ನ ಕೈಗಡಿಯಾರವನ್ನು ಅವನು ಅವಳ ಕೈಗೆ ಕಟ್ಟಿದ್ದ. ಮೊಣಕಾಲಿನ ಮೇಲೆ ಭಾರ ಎಷ್ಟು ಬೀಳುತ್ತದೆ ನೋಡುವಾ, ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ ಎಂದಿದ್ದ.

ಜುಲೈನಲ್ಲಿ ಕೊಂಡಾಪುರದಲ್ಲಿ ಓಟಗಾರರೂ ಪ್ರೋಗ್ರಾಮರುಗಳೂ ಸೇರುವ ಒಂದು ಸಭೆಯಿತ್ತು. ಋಷಭ್ ಮಾತಾಡುವವನಿದ್ದ. ಅವಳು ಹೊಸ ಕುರ್ತಾ ತೊಟ್ಟು, ಹಿಂದಿನ ಸಾಲಿನಲ್ಲಿ ಕೂತು, ಒಳಗೊಳಗೇ ಬೀಗುತ್ತಿದ್ದಳು.

ಪರದೆಯ ಮೇಲೆ ಕೈಗಡಿಯಾರದ ಲೆಕ್ಕದಿಂದ ಮೂಡಿದ ಒಂದು ಗೆರೆ ಬಂತು. “ಗಾಯಗೊಂಡು ಮರಳಿದ ಒಬ್ಬ ಓಟಗಾರ್ತಿ,” ಎಂದ. ಹೆಸರು ಹೇಳಲಿಲ್ಲ. ಗೆರೆ ಏರುತ್ತ ಹೋಗಿ ಒಂದು ಕಡೆ ನೆಲಕ್ಕೆ ಬಿದ್ದಿತ್ತು. “ಇಲ್ಲಿ ಅವರು ನಿಂತುಬಿಟ್ಟರು.” ಸಭೆಯಲ್ಲಿ ಯಾರೋ “ಬ್ಯಾಟರಿ ಡೆಡ್ಡಾ?” ಎಂದರು. ಜನ ನಕ್ಕರು. ಮಾತಿನ ಓಘದಲ್ಲಿ ಅವನೂ ನಕ್ಕ.

ಅವಳು ಎದ್ದು ಹೊರಬಂದಳು. ಅವನು ಮಾತು ಮುಗಿಸಿ ಮೆಟ್ಟಿಲ ಬಳಿ ಓಡಿ ಬಂದಾಗ ಅವಳು ಗಡಿಯಾರ ಬಿಚ್ಚುತ್ತಿದ್ದಳು.

“ಆ ಇಳಿಜಾರಿನ್ಯಾಗ ನಾ ಅತ್ತದ್ದು ನೀವೊಬ್ರ ನೋಡಿದ್ರಿ. ಅದನ್ನ ಇಷ್ಟು ಮಂದಿ ಮುಂದ ಹರವೀರಲ್ಲ. ನಾನೂ ನಿಮ್ಮ ಸೈಡ್ ಪ್ರಾಜೆಕ್ಟ್ ಏನ್ರಿ?”

“ಸುಮಂಗಲಾ, ಹಾಗಲ್ಲ...”

ಹೇಗೆ ಎಂದು ಕೇಳಲು ಅವಳು ನಿಲ್ಲಲಿಲ್ಲ.

ಮಳೆ ಜೋರಾಯಿತು. ಹರವಿ ಒಳಗೆ ಹೋಯಿತು, ಭಾನುವಾರಗಳು ಮತ್ತೆ ನಿದ್ದೆಯ ಪಾಲಾದವು. ನಿದ್ದೆ ಮಾತ್ರ ಬರಲಿಲ್ಲ. ಆ ಗೆರೆಯನ್ನು ಎಲ್ಲ ಕಡೆಯಿಂದ ಅಳಿಸಿದ್ದೇನೆ ಎಂದು ಅವನು ಬರೆದ. ಅವಳು ಉತ್ತರಿಸಲಿಲ್ಲ. ಒಮ್ಮೆ ಅವನು ಮನೆಗೆ ಬಂದ, ಅವಳು ಮಹಡಿಯಿಂದ ಇಳಿಯಲಿಲ್ಲ. ಅತ್ತೆಯೊಡನೆ ಎರಡು ಮಾತಾಡಿ ಮಳೆಯಲ್ಲೇ ಹೊರಟುಹೋದ. ಬೈಕಿನ ಸದ್ದು ರಸ್ತೆಯ ತಿರುವು ದಾಟುವವರೆಗೂ ಅವಳು ಕಿಟಕಿಯ ಪರದೆಯ ಹಿಂದೆ ನಿಂತೇ ಇದ್ದಳು.

ಮ್ಯಾರಥಾನಿನ ಹಿಂದಿನ ಸಂಜೆ ಅತ್ತೆ ಅವಳ ಶೂ ತಂದು ಮುಂದಿಟ್ಟಳು.

“ಸಿಟ್ಟು ಅವನ ಮ್ಯಾಲ. ಓಡೋದರ ಮ್ಯಾಲ ಯಾಕ?”

“ಅತ್ತಿ, ಅಂವ ನನ್ನ ನೋವು ಲೆಕ್ಕಾ ಹಾಕಿದ.”

“ಹೌದವ್ವ, ಹಾಕಿದ. ತಪ್ಪ ಅದು. ಆದ್ರ ಇಷ್ಟು ವರ್ಷದಾಗ ನಿನ್ನ ನೋವು ಕಂಡಾಂವ ಯಾರು ಹೇಳು? ನಾನರ ಕಂಡೀನೇನು, ಮನ್ಯಾಗಿದ್ದು?”

ಬೆಳಿಗ್ಗೆ ಹುಸೇನ್ ಸಾಗರದ ದಂಡೆಯಿಂದ ಓಟ ಹೊರಟಾಗ ತುಂತುರು ಹನಿಯುತ್ತಿತ್ತು. ಫ್ಲೈಓವರುಗಳನ್ನು ಹತ್ತುತ್ತ ಇಳಿಯುತ್ತ ಅವಳು ಚೆನ್ನಾಗಿಯೇ ಓಡಿದಳು. ಅರ್ಧ ದಾಟಿದ ಮೇಲೆ ಮೊಣಕಾಲು ಚುಳ್ ಎಂದಿತು. ನಿಂತಳು. ಪಕ್ಕದಲ್ಲಿ ಜನ ಹಾದುಹೋಗುತ್ತಿದ್ದರು. ಹಳೆಯ ಅಂಜಿಕೆ ಮರಳಿ ಬಂತು.

ರಸ್ತೆಯ ಅಂಚಿನಲ್ಲಿ ಸ್ವಯಂಸೇವಕರ ಗುಂಪು. ಅದರಿಂದ ಒಬ್ಬ ನೋವಿನ ಸ್ಪ್ರೇ ಡಬ್ಬಿ ಹಿಡಿದು ಓಡಿ ಬಂದ. ಹತ್ತಿರ ಬಂದು ಅವಳ ಮುಖ ನೋಡಿ ಅಲ್ಲೇ ನಿಂತುಬಿಟ್ಟ.

“ನೀವು ಬರ್ತೀರೋ ಇಲ್ಲವೋ ಗೊತ್ತಿರಲಿಲ್ಲ,” ಎಂದ ಋಷಭ್. ಒದ್ದೆಯಾಗಿ, ಸೊರಗಿದಂತೆ ಕಂಡ. “ಬಂದರೆ ದಾರಿಯಲ್ಲಿ ಎಲ್ಲಾದರೂ ಇರುವಾ ಅಂತ. ಸ್ಪ್ರೇ ಹಾಕಲಾ?”

“ಅದರಿಂದ ಏನೂ ಆಗಂಗಿಲ್ರಿ.” ಅವಳು ಬಾಗಿ ಮೊಣಕಾಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಊತವಿಲ್ಲ. ದಣಿದ ಸ್ನಾಯು, ಅಷ್ಟೆ. “ನಡಕೋತ ಹೋಗ್ತೀನಿ.”

“ನಾನೂ ಬರಲಾ?”

ಶೂವಿನ ದಾರ ಬಿಗಿದು ನೆಟ್ಟಗಾಗಿ, “ಬರ್ರಿ,” ಎಂದಳು.

ಓಟದ ದಾರಿಗೆ ಕಟ್ಟಿದ್ದ ಹಗ್ಗದ ಆಚೆ ಅವನು, ಈಚೆ ಅವಳು. ಬಹಳ ದೂರ ನಡೆದರು.

“ಆ ಗೆರೆ ಬಿದ್ದ ಜಾಗ ಉಂಟಲ್ಲ,” ಎಂದ ಕೊನೆಗೆ, “ನಾನು ನೋಡ್ತಾ ಇದ್ದದ್ದು ಅದನ್ನಲ್ಲ. ಅಲ್ಲಿಂದ ಮತ್ತೆ ಎದ್ದದ್ದನ್ನು. ಅದನ್ನು ನೋಡಿ ನನಗೇ ಧೈರ್ಯ ಬರುತ್ತಿತ್ತು. ಎಲ್ಲರಿಗೂ ತೋರಿಸಬೇಕು ಅನ್ನಿಸಿತು. ನಿಮ್ಮನ್ನು ಒಂದು ಮಾತು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಜನ ನಕ್ಕಾಗ ನಾನೂ ನಕ್ಕೆ. ಅದು ಇವತ್ತಿಗೂ ಚುಚ್ಚುತ್ತದೆ.”

“ಗೇಟಿಗೂ ಕೇಳಿರಲಿಲ್ಲ ನೀವು.”

“ಹೌದು. ಅದಕ್ಕೇ ಈಗ ಕೇಳ್ತಾ ಇದ್ದೇನೆ.” ಅವನು ಕನ್ನಡಕ ತೆಗೆದು ಒರೆಸಿಕೊಂಡ. “ನಿಮ್ಮನ್ನು ಪ್ರೀತಿಸಬಹುದಾ ಅಂತಲ್ಲ. ಅದು ಕೇಳದೆಯೇ ಆಗಿಹೋಗಿದೆ. ನಿಮ್ಮ ಜೊತೆ ಇರಬಹುದಾ?”

ಸುಮಂಗಲಾ ಮುಂದೆ ನೋಡುತ್ತ ನಡೆದಳು. ಕಿವಿಯವರೆಗೂ ಕೆಂಪಾದದ್ದು ಬಿಸಿಲಿಗಲ್ಲ, ಬಿಸಿಲೇ ಇರಲಿಲ್ಲ.

ಗಚ್ಚಿಬೌಲಿಯ ಸ್ಟೇಡಿಯಂ ತಲುಪುವಷ್ಟರಲ್ಲಿ ಜನವೆಲ್ಲ ಕರಗಿದ್ದರು. ವೇದಿಕೆ ಬಿಚ್ಚುತ್ತಿದ್ದರು. ಗುರಿಯ ಗೆರೆಯ ಮೇಲಿದ್ದ ಗಾಳಿ ತುಂಬಿದ ಕಮಾನಿನ ಗಾಳಿ ಬಿಟ್ಟಿದ್ದರಿಂದ ಅದು ಅರ್ಧ ಕುಸಿದು ತೂಗಾಡುತ್ತಿತ್ತು.

“ಬರ್ರಿ,” ಎಂದಳು.

“ಬೇಡ. ಇದು ನಿಮ್ಮ ಓಟ. ನಾನು ಇಲ್ಲೇ ಇರ್ತೇನೆ.”

ಅವಳನ್ನು ಕಂಡು ಕೆಲಸದವರಿಬ್ಬರು ಕುಸಿಯುತ್ತಿದ್ದ ಕಮಾನಿಗೆ ಹೆಗಲು ಕೊಟ್ಟು ಎತ್ತಿ ಹಿಡಿದರು. “ರಾ ಅಕ್ಕಾ, ರಾ!” ಕೊನೆಯ ಅಷ್ಟು ದೂರವನ್ನು ಅವಳು ನಡೆಯಲಿಲ್ಲ. ಓಡಿದಳು. ಕಾಲೇಜಿನ ಹುಡುಗಿಯಂತೆ, ಜಡೆ ಬೆನ್ನಿಗೆ ಬಡಿಯುವಂತೆ. ಕಮಾನಿನ ಕೆಳಗೆ ತಲೆ ತಗ್ಗಿಸಿ ದಾಟಿದಾಗ ಅವರಿಬ್ಬರೂ ಸಿಳ್ಳೆ ಹೊಡೆದರು. ಯಾರೋ ಕೊರಳಿಗೆ ಪದಕ ಹಾಕಿದರು.

ತಾರ್ನಾಕದ ಆ ಮನೆ ಈಗಿಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿದೆ, ಬೇವಿನ ಮರವೂ ಹೋಗಿದೆ. ಅತ್ತೆ ಈಗ ಕೊಂಡಾಪುರದಲ್ಲಿ ಅವರಿಬ್ಬರ ಜೊತೆಗೇ ಇದ್ದಾಳೆ, ಸಂಜೆ ಬೇಗ ಊಟ ಮುಗಿಸುವುದನ್ನು ಕಲಿತಿದ್ದಾಳೆ. ಆದರೆ ಆ ಬೆಳಗಿನ ಮುಂದಿನ ಗಳಿಗೆಯನ್ನು ಸುಮಂಗಲಾ ಅತ್ತೆಗೂ ಪೂರ್ತಿ ಹೇಳಿಲ್ಲ.

ಅವಳು ಮೈದಾನವನ್ನು ಬಳಸಿಕೊಂಡು ಹಗ್ಗದ ಹತ್ತಿರ ಬಂದಳು. ಅವನು ಸ್ಪ್ರೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ರಿಸಲ್ಟಿಗೆ ಕಾಯುವ ಹುಡುಗನಂತೆ ನಿಂತಿದ್ದ. ಅವಳು ಹಗ್ಗದ ಕೆಳಗೆ ನುಸುಳಿ, ಡಬ್ಬಿ ಕಿತ್ತು ಪಕ್ಕಕ್ಕಿಟ್ಟು, ಅವನ ತೋಳು ಹಿಡಿದಳು.

“ಹಸಿವಿ ಆಗೈತಿ,” ಎಂದಳು. “ನಡಿ.”

ಅವನು ಎರಡು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. ಇಷ್ಟು ದಿನ ಅವಳ ಬಾಯಲ್ಲಿ ಒಂದು ಸಲವೂ ತಪ್ಪದ ‘ರಿ’ ಬಿದ್ದುಹೋಗಿತ್ತು.

“ಎಂತ ಹೇಳಿದ್ದು ಈಗ?”

“ಕೇಳಿಸಲಿಲ್ಲೇನು?” ಅವಳು ಅವನ ಕಣ್ಣನ್ನೇ ನೋಡುತ್ತ ನಕ್ಕಳು. “ನಡೀಯೋ ಅಂದೆ.”